ಅಪ್‌ಡೇಟ್: ಮತ್ತೆ ಮತ್ತೆ ಬರುತ್ತಿದ್ದ ವಾಸನೆಯ ಬಿಳಿಸೆರಗು
ಅಕ್ಕಂದಿರೇ, ನಾನೇ, ವಿಜಯಪುರದವಳು. ತೆಳ್ಳನೆ ಬಿಳಿಸೆರಗು, ಮೀನಿನ ವಾಸನೆ, ಮಾತ್ರೆ ಮುಗಿದು ತಿಂಗಳಾಗುವುದರೊಳಗೆ ವಾಪಸ್ ಅಂತ ಕೇಳಿದ್ದೆನಲ್ಲ? ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ ಅಂತೆ, ಅಂದರೆ ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು.

ಒಳಗೆ ಮೊಸರು ಹಚ್ಚಿ ನೋಡಿದೆ. ಬಟ್ಟೆ ಹೊಲಸಾಯ್ತು, ಅಷ್ಟೇ. ಮೊಸರಿನ ಬ್ಯಾಕ್ಟೀರಿಯಾ ಅಲ್ಲಿ ನೆಲೆ ನಿಲ್ಲುವುದಿಲ್ಲವಂತೆ. ಘಮಘಮ ವಾಶ್‌ನಿಂದ ಉರಿ ಬೇರೆ.

"ಪಿಎಚ್ (ಆಮ್ಲದ ಮಟ್ಟ) ನೋಡಿಸು, ಗಂಡನನ್ನೂ ಕರಕೊಂಡು ಹೋಗು" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಡಾಕ್ಟರಮ್ಮ ಹಳದಿ ಕಾಗದದ ಚೂರು ತಾಗಿಸಿದರು, ನೋಡನೋಡುತ್ತ ಹಸಿರಾಯಿತು. ಪಿಎಚ್ 4.5ಕ್ಕಿಂತ ಮೇಲೆ, ಆಮ್ಲ ಸಾಲದು. ಅಂದರೆ ಆಮ್ಲ ತಯಾರಿಸುವ ಒಳ್ಳೆಯ ಬ್ಯಾಕ್ಟೀರಿಯಾ, ಲ್ಯಾಕ್ಟೋಬ್ಯಾಸಿಲಸ್, ಕಡಿಮೆಯಾಗಿದೆ.

ನನಗೆ ಮೆಟ್ರೊನಿಡಜೋಲ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ, 7 ದಿನ. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ. ಶೇಂಗಾ ಚಟ್ನಿಯೂ ರುಚಿಸಲಿಲ್ಲ. ಇವರಿಗೂ ಅದೇ ಮಾತ್ರೆ, ಜೊತೆಗೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್. "ನನಗ್ಯಾಕ?" ಅಂತ ಗೊಣಗಿದರು! 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಹೆಂಗಸರಿಗಷ್ಟೇ ಔಷಧ ಕೊಟ್ಟಾಗ 12 ವಾರದೊಳಗೆ 63% ಜನರಿಗೆ ಮರುಕಳಿಸಿತ್ತು, ಸಂಗಾತಿಗೂ ಕೊಟ್ಟಾಗ 35%. ಇದು ನನಗೆ ಹೊಸ ವಿಷಯ. ಇಷ್ಟು ದಿನ ತಪ್ಪೆಲ್ಲ ನನ್ನದೇ ಅಂತ ಸುಮ್ನೆ ಕೊರಗಿದೆ.

ಮಾತ್ರೆ ಮುಗಿದು ಹದಿನೆಂಟು ದಿನ. ಮುಟ್ಟು ಬಂದು ಹೋಯಿತು, ವಾಸನೆ ಇಲ್ಲ. ಮತ್ತೆ ಬಂದರೆ ಇಲ್ಲೇ ಬರೆಯುತ್ತೇನೆ.