ಮೂರನೇ ಸೆಮಿಸ್ಟರ್‌ನಲ್ಲಿ ಅರ್ಥಶಾಸ್ತ್ರ ಬಿಟ್ಟು ಬಿಸಿನೆಸ್‌ಗೆ ಹೋಗಬಹುದೇ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ಅರ್ಥಶಾಸ್ತ್ರ ಮೇಜರ್, ಈಗ ಮೂರನೇ ಸೆಮಿಸ್ಟರ್. ಮೊದಲ ವರ್ಷ ಬೇಡಿಕೆ, ಪೂರೈಕೆ, ಹಣದುಬ್ಬರ ಎಲ್ಲ ಇಷ್ಟಪಟ್ಟು ಓದಿದೆ. ಎರಡನೇ ಹಂತದ ಮೈಕ್ರೋ (ಸೂಕ್ಷ್ಮ ಅರ್ಥಶಾಸ್ತ್ರ) ಶುರುವಾದ ಮೇಲೆ ಪುಟದ ತುಂಬ ಬರೀ ಡೆರಿವೇಟಿವ್. ಇಂತಿಷ್ಟೇ ಎಂಬ ಮಿತಿಯೊಳಗೆ ಅತಿ ಹೆಚ್ಚು ಅಥವಾ ಅತಿ ಕಡಿಮೆ ಬೆಲೆ ಹುಡುಕುವ ಲಗ್ರಾಂಜ್ ಲೆಕ್ಕ ಬಂದರೆ ಕೈಯೇ ಓಡುವುದಿಲ್ಲ. ಕಳೆದ ಪರೀಕ್ಷೆಯಲ್ಲಿ ಹೇಗೋ ಪಾರಾದೆ. ಬಿಸಿನೆಸ್ ಮೇಜರ್‌ಗೆ ಬದಲಾಯಿಸಿಕೊಳ್ಳಲೇ? ಇಷ್ಟು ದಿನ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದಾ?

ಉತ್ತರ: ನಾನು ಈ ಎರಡೂ ವಿಭಾಗದವರಿಗೆ ಪಾಠ ಹೇಳುವವಳು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗಣಿತದ ಕಷ್ಟದ ಬಗ್ಗೆ ಮೂರು ಸಾಲಿದೆ, ಬಿಸಿನೆಸ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಬಿಟ್ಟು ಬರುವ ಕಾರಣ ಮಾತ್ರ ಇದೆ, ಹೋಗುವ ಕಾರಣ ಇನ್ನೂ ಕಾಣುತ್ತಿಲ್ಲ.

ಗಣಿತ ಅಲ್ಲೂ ಬಿಡುವುದಿಲ್ಲ. ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಹೂಡಿಕೆಯನ್ನು ಹಂಚುವ ವಿಧಾನ ತೋರಿಸಿದರು: ಇಂತಿಷ್ಟು ಆದಾಯ ಬೇಕು, ಏರಿಳಿತ ಮಾತ್ರ ಆದಷ್ಟು ಕಡಿಮೆ ಇರಬೇಕು. ಫೈನಾನ್ಸ್ ಓದುವವರೆಲ್ಲ ಇವತ್ತಿಗೂ ಅದನ್ನು ಕಲಿಯುತ್ತಾರೆ. ಬಿಡಿಸುವುದು ಯಾವುದರಿಂದ? ಅದೇ ಲಗ್ರಾಂಜ್ ವಿಧಾನದಿಂದ. ಪದವಿಯಲ್ಲಿ ಸ್ಪ್ರೆಡ್‌ಶೀಟ್ ಆ ಕೆಲಸ ಮಾಡಿಕೊಡಬಹುದು, ಆದರೆ ಬಂದ ಸಂಖ್ಯೆಯ ಅರ್ಥ ಹೇಳಬೇಕಾದವರು ನೀವೇ.

ಆ ಅರ್ಥವನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲವೇನೋ ಎಂಬ ಅನುಮಾನ ನನಗೆ. ವಾರಕ್ಕೆ 40 ಗಂಟೆ ಮಾತ್ರ ಓಡುವ ಒಂದು ಯಂತ್ರ ಇದೆ ಅಂದುಕೊಳ್ಳಿ. ಲಾಭ ಅತಿ ಹೆಚ್ಚು ಬರುವ ಹಾಗೆ ಆ ಗಂಟೆಗಳನ್ನು ಬೇರೆಬೇರೆ ಸರಕಿಗೆ ಹಂಚಿದಿರಿ, ಲಗ್ರಾಂಜ್ ಲೆಕ್ಕದಲ್ಲಿ ಮಿತಿಯ ಜೊತೆ ಬರುವ ಗ್ರೀಕ್ ಅಕ್ಷರ ಲ್ಯಾಮ್ಡಾ 300 ಬಂತು. ಅಂದರೆ 41ನೇ ಗಂಟೆ ಸಿಕ್ಕರೆ ಲಾಭ ಹೆಚ್ಚುಕಡಿಮೆ 300 ಏರುತ್ತದೆ. ಆ ಒಂದು ಗಂಟೆಗೆ ಯಾರಾದರೂ 250 ಬಾಡಿಗೆ ಕೇಳಿದರೆ ಒಪ್ಪಿಕೊಳ್ಳಿ, 350 ಅಂದರೆ ಬೇಡ ಅನ್ನಿ. ನಿಮ್ಮನ್ನು ಹೆದರಿಸುತ್ತಿರುವ ಆ ಅಕ್ಷರ ಹೇಳುವುದು ಇಷ್ಟನ್ನೇ. ಇದನ್ನು ಓದಿದಾಗ ಏನನ್ನಿಸಿತು, ತಿಳಿಸಿ. ಹಾಗೆಯೇ, ಬಿಸಿನೆಸ್‌ನ ಯಾವ ಕೆಲಸ ನಿಮ್ಮನ್ನು ಎಳೆಯುತ್ತಿದೆ?

ಪ್ರಶ್ನೆ ಕೇಳಿದವರು: ಮೇಡಂ, ಯಂತ್ರದ ಉದಾಹರಣೆ ತಕ್ಷಣ ಅರ್ಥವಾಯಿತು. ನಿಜ ಹೇಳಬೇಕೆಂದರೆ, ಹೋದ ವರ್ಷ ನಮ್ಮ ವಿದ್ಯಾರ್ಥಿ ಸಂಘದ ನಾಟಕೋತ್ಸವದ ಲೆಕ್ಕಪತ್ರ ನಾನೇ ನೋಡಿಕೊಂಡೆ. ಟಿಕೆಟ್ ದರ ಇಳಿಸಿದೆ, ಸಭಾಂಗಣ ತುಂಬಿತು, ಒಟ್ಟು ವಸೂಲಿಯೂ ಹೆಚ್ಚಾಯಿತು. ಅಷ್ಟು ಖುಷಿ ಯಾವ ತರಗತಿಯಲ್ಲೂ ಆಗಿಲ್ಲ. ದೇಶದ ಬೆಳವಣಿಗೆ ದರದ ಚರ್ಚೆ ನಡೆದರೆ ಮಾತ್ರ ಮನಸ್ಸು ಎಲ್ಲೋ ಹೋಗುತ್ತದೆ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು, ಈಗ ನನ್ನ ಅಭಿಪ್ರಾಯವೇ ಬದಲಾಯಿತು. ನೀವು ಮಾಡಿದ್ದು ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ, ಪ್ರಯೋಗ. ಪಾಠ ಅರ್ಥಶಾಸ್ತ್ರದ್ದು, ಆದರೆ ನಿಮಗೆ ಖುಷಿ ಕೊಟ್ಟದ್ದು ನಿರ್ಧಾರ ತೆಗೆದುಕೊಳ್ಳುವ ಜಾಗ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು. ಮಾರುಕಟ್ಟೆಯೇ ಎಲ್ಲವನ್ನೂ ಹೊಂದಿಸುವುದಾದರೆ ಕಂಪನಿಗಳು ಯಾಕೆ ಇವೆ? ಬೆಲೆ ಹುಡುಕುವುದು, ಚೌಕಾಸಿ, ಒಪ್ಪಂದ, ಇವಕ್ಕೆಲ್ಲ ಖರ್ಚಿದೆ, ಅದಕ್ಕೇ ಕೆಲವು ಕೆಲಸ ಕಂಪನಿಯ ಒಳಗೇ ನಡೆಯುತ್ತದೆ ಎಂಬುದು ಅವರ ಉತ್ತರ. ಅರ್ಥಶಾಸ್ತ್ರದ ಶುರುವಿನ ಪಾಠಗಳಲ್ಲಿ ಕಂಪನಿ ಅನ್ನುವುದು ಮುಚ್ಚಿದ ಪೆಟ್ಟಿಗೆ. ಬಿಸಿನೆಸ್ ಓದು ಆ ಪೆಟ್ಟಿಗೆಯ ಒಳಗೇ ನಡೆಯುತ್ತದೆ. ನಿಮ್ಮ ಆಸೆ ಒಳಗಿದ್ದರೆ ಧೈರ್ಯವಾಗಿ ಹೋಗಿ.

ಒಂದು ಷರತ್ತಿದೆ. ಅರ್ಜಿ ಹಾಕುವ ಮೊದಲು ಒಂದು ಅಕೌಂಟಿಂಗ್ ಕೋರ್ಸ್ ತೆಗೆದುಕೊಳ್ಳಿ, ಆಗದಿದ್ದರೆ ಕೆಲವು ತರಗತಿಯಲ್ಲಾದರೂ ಕೂತು ಬನ್ನಿ. ನಿಮ್ಮ ಆಸಕ್ತಿಯನ್ನು ಪರೀಕ್ಷಿಸಿಕೊಳ್ಳಲು ಮಾರ್ಕೆಟಿಂಗ್ ತರಗತಿ ಸಾಲದು, ಅದು ಶುರುವಿನಲ್ಲಿ ಎಲ್ಲರಿಗೂ ಹಿತವಾಗಿಯೇ ಇರುತ್ತದೆ. ಅಕೌಂಟಿಂಗ್‌ನಲ್ಲಿ ಸರಕು ಮಾರಿ ಹಣ ಇನ್ನೂ ಕೈಗೆ ಬರದಿದ್ದರೂ ಅದನ್ನು ಆದಾಯವೆಂದು ಬರೆಯುತ್ತಾರೆ, ಲಾಭ ತೋರಿಸುವ ಕಂಪನಿಯೂ ನಗದಿಲ್ಲದೆ ಮುಳುಗಬಹುದು. ಇಂಥದ್ದರಲ್ಲಿ ಕುತೂಹಲ ಹುಟ್ಟಬೇಕು.

ಕಳೆದ ಸೆಮಿಸ್ಟರ್‌ಗಳ ಚಿಂತೆಗೆ ನಿಮ್ಮ ಶಾಸ್ತ್ರವೇ ಉತ್ತರ ಕೊಟ್ಟಿದೆ. ಆಗಿಹೋದ ಖರ್ಚು ಮುಂದಿನ ನಿರ್ಧಾರಕ್ಕೆ ಲೆಕ್ಕವಿಲ್ಲ. ಲೆಕ್ಕಕ್ಕೆ ಬರುವುದು ಇನ್ನು ಎಷ್ಟು ಸೆಮಿಸ್ಟರ್ ಬೇಕು ಎಂಬುದು. ಯಾವ ಕ್ರೆಡಿಟ್‌ಗಳನ್ನು ಒಪ್ಪುತ್ತಾರೆ, ಬದಲಾವಣೆಗೆ ಕೊನೆಯ ದಿನ ಯಾವುದು, ಇವನ್ನು ವಿಭಾಗದಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ. ಮೈಕ್ರೋ, ಸಂಖ್ಯಾಶಾಸ್ತ್ರ ಸಾಮಾನ್ಯವಾಗಿ ಅಲ್ಲೂ ಬೇಕಾಗುವ ಕೋರ್ಸುಗಳೇ.

ಗುಂಪಿನ ಇನ್ನೊಬ್ಬ ಸದಸ್ಯರು: ಮೇಡಂ, ಮುಂದೆ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದ್ದರೆ?

ಉತ್ತರ: ಹಾಗಿದ್ದರೆ ಬದಲಾಯಿಸಬೇಡಿ. ಅಲ್ಲಿ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಇಕನಾಮೆಟ್ರಿಕ್ಸ್ (ಅಂಕಿಅಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ನೋಡುತ್ತಾರೆ. ಅರ್ಥಶಾಸ್ತ್ರ ಓದಿದವರು ಆಮೇಲೆ ಎಂಬಿಎ ಮಾಡುವುದು ಸುಲಭ, ಬಿಸಿನೆಸ್ ಓದಿ ಅರ್ಥಶಾಸ್ತ್ರಕ್ಕೆ ಬರುವಾಗ ಈ ಗಣಿತವನ್ನೆಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕು.

ಪ್ರಶ್ನೆ ಕೇಳಿದವರು: ನನಗೆ ಪಿಎಚ್‌ಡಿ ಆಸೆ ಇಲ್ಲ ಮೇಡಂ. ಸೋಮವಾರದ ಅಕೌಂಟಿಂಗ್ ತರಗತಿಯಲ್ಲಿ ಕೂರಲು ಆ ಮೇಷ್ಟ್ರನ್ನು ಈಗಷ್ಟೇ ಕೇಳಿದೆ, ಬಾ ಅಂದಿದ್ದಾರೆ.

ಉತ್ತರ: ಒಳ್ಳೆಯದು. ಸುಮ್ಮನೆ ಕೇಳಿ ಬರಬೇಡಿ, ನಿಮ್ಮ ನಾಟಕೋತ್ಸವದ ಲೆಕ್ಕವನ್ನೇ ಜೋಡಿ ನಮೂದಿನಲ್ಲಿ, ಅಂದರೆ ಪ್ರತಿ ವ್ಯವಹಾರವನ್ನೂ ಡೆಬಿಟ್ ಮತ್ತು ಕ್ರೆಡಿಟ್ ಎರಡೂ ಬದಿಯಲ್ಲಿ, ಬರೆದು ನೋಡಿ. ಎರಡೂ ಬದಿ ತಾಳೆಯಾಗದಿದ್ದಾಗ ತಪ್ಪು ಹುಡುಕುತ್ತಾ ಕೂರಲು ಮನಸ್ಸಾಯಿತೋ, ಪುಸ್ತಕ ಮುಚ್ಚಿ ಏಳಬೇಕು ಅನ್ನಿಸಿತೋ, ಇಲ್ಲೇ ಬಂದು ಬರೆಯಿರಿ.