ಕಟ್ ಮಾಡಿದ ಫೋಟೊಗಳು ಎಲ್ಲಿ ಹೋದವು?

ಪ್ರಶ್ನೆ (ಶಾಲಾ ಶಿಕ್ಷಕಿ, ಹರಪನಹಳ್ಳಿ ಹತ್ತಿರ):
ನಮಸ್ಕಾರ ಸರ್. ನಿನ್ನೆ ನಮ್ಮ ಶಾಲೆಯ ವಾರ್ಷಿಕೋತ್ಸವದ ಫೋಟೊಗಳನ್ನು ಲ್ಯಾಪ್‌ಟಾಪಿನಿಂದ ಕಟ್ ಮಾಡಿ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಿದೆ. ಹಸಿರು ಪಟ್ಟಿ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಪೆನ್‌ಡ್ರೈವ್ ಕಿತ್ತುಬಿಟ್ಟೆ. ಒಟ್ಟು 340 ಫೋಟೊ ಇದ್ದವು. ಪೆನ್‌ಡ್ರೈವ್‌ನಲ್ಲಿ ಸುಮಾರು 200 ಕಾಣುತ್ತವೆ, ಅದರಲ್ಲಿ ಕೊನೆಯ ಹದಿನೈದು ತೆರೆಯುತ್ತಲೇ ಇಲ್ಲ. ಲ್ಯಾಪ್‌ಟಾಪಿನ ರಿಸೈಕಲ್ ಬಿನ್ ಖಾಲಿ. ಈಗ ಪೆನ್‌ಡ್ರೈವ್ ಹಾಕಿದರೆ ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಮಾಡಲೇ ಅಂತ ಕೇಳುತ್ತಿದೆ. ಒತ್ತಲಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ದಾವಣಗೆರೆ):
ಮೇಡಂ, ಸದ್ಯಕ್ಕೆ ಒತ್ತಬೇಡಿ. ಅದು ಯಾವ ಫೈಲ್ ಎಲ್ಲಿದೆ ಎಂಬ ಪೆನ್‌ಡ್ರೈವಿನ ಲೆಕ್ಕವನ್ನು ಸರಿಮಾಡುತ್ತದೆ, ಫೋಟೊ ಉಳಿಸುವುದು ಅದರ ಕೆಲಸವಲ್ಲ. ಅರ್ಧ ಬರೆದ ಫೈಲನ್ನು ಮೊಟಕು ಮಾಡಿಬಿಡುವುದೂ ಉಂಟು. ಮೊದಲು ತೆರೆಯುವ ಫೋಟೊಗಳನ್ನೆಲ್ಲ ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿಗೆ ಬೇಡ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಈಗ ಲ್ಯಾಪ್‌ಟಾಪಿನಲ್ಲಿ ಫೋಟೊಗಳು ಮೊದಲಿದ್ದ ಫೋಲ್ಡರನ್ನೇ ತೆರೆದು ನೋಡಿ. ರಿಸೈಕಲ್ ಬಿನ್ ಅಲ್ಲ, ಹಳೆಯ ಫೋಲ್ಡರ್. ಉಳಿದ 140 ಅಲ್ಲೇ ಇರಬೇಕು. ಒಂದು ಡ್ರೈವಿನಿಂದ ಇನ್ನೊಂದು ಡ್ರೈವಿಗೆ ಕಟ್ ಮಾಡಿದಾಗ ವಿಂಡೋಸ್ ಎಲ್ಲವನ್ನೂ ಒಟ್ಟಿಗೆ ಎತ್ತಿ ಹಾಕುವುದಿಲ್ಲ. ಒಂದು ಫೈಲನ್ನು ಹೊಸ ಕಡೆ ಬರೆಯುತ್ತದೆ, ಹಳೆಯದನ್ನು ಅಳಿಸುತ್ತದೆ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ಸರದಿ ಬಾರದ ಫೈಲುಗಳನ್ನು ಅದು ಮುಟ್ಟಿಯೇ ಇರುವುದಿಲ್ಲ.

ಕಷ್ಟ ಇರುವುದು ಆ ಹದಿನೈದರದ್ದು. ಅವು ಬರೆದಾಯಿತು ಅಂತ ವಿಂಡೋಸ್ ಲ್ಯಾಪ್‌ಟಾಪಿನಿಂದ ಅಳಿಸಿದೆ. ಆದರೆ ಪೆನ್‌ಡ್ರೈವ್ ಒಳಗೆ ಬರಹ ಪೂರ್ತಿ ಇಳಿದಿರಲಿಲ್ಲ. ಕಟ್ ಮಾಡಿ ಸಾಗಿಸಿದ ಫೈಲುಗಳು ರಿಸೈಕಲ್ ಬಿನ್‌ಗೆ ಬರುವುದಿಲ್ಲ, ಹಾಗಾಗಿ ಅದು ಖಾಲಿ ಕಂಡಿದ್ದು ಸಹಜ.

ಆದರೂ ಆಸೆ ಬಿಡಬೇಡಿ. ಲ್ಯಾಪ್‌ಟಾಪಿನಲ್ಲಿರುವುದು ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ, ಅಳಿಸಿದ ಫೋಟೊ ಆ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ಉಳಿದಿರುತ್ತದೆ. ಅದಕ್ಕೇ ಈಗ ಆ ಲ್ಯಾಪ್‌ಟಾಪನ್ನು ಆಫ್ ಮಾಡಿಡಿ. ಬ್ರೌಸರ್ ತೆರೆಯುವುದು, ಯೂಟ್ಯೂಬ್ ನೋಡುವುದು, ರಿಕವರಿ ಸಾಫ್ಟ್‌ವೇರನ್ನು ಅದರಲ್ಲೇ ಇನ್‌ಸ್ಟಾಲ್ ಮಾಡುವುದು, ಇವೆಲ್ಲವೂ ಡಿಸ್ಕಿನ ಮೇಲೆ ಬರೆಯುತ್ತವೆ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್ ಆಗಿದ್ದರೆ ಅಳಿಸಿದ ಜಾಗವನ್ನು ಅದು ತಾನೇ ಬೇಗ ತೊಳೆದುಬಿಡುತ್ತದೆ, ಸಿಗುವುದು ಕಡಿಮೆ. ಫೋಟೊರೆಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಒಳ್ಳೆಯದು. ಅದನ್ನು ಬೇರೆ ಪೆನ್‌ಡ್ರೈವಿನಿಂದ ಓಡಿಸಿ, ಸಿಕ್ಕಿದ ಫೋಟೊಗಳನ್ನೂ ಬೇರೆ ಡಿಸ್ಕಿಗೇ ತೆಗೆಯಬೇಕು. ಧೈರ್ಯ ಸಾಲದಿದ್ದರೆ ಹತ್ತಿರದ ಸರ್ವಿಸ್ ಅಂಗಡಿಗೆ ಲ್ಯಾಪ್‌ಟಾಪನ್ನೇ ಒಯ್ಯಿರಿ.

ಪ್ರಶ್ನೆ (ಮದುವೆ ಫೋಟೊಗ್ರಾಫರ್, ರಾಣೆಬೆನ್ನೂರು):
ಅಣ್ಣ, ನಾನು 40 ಜಿಬಿ ವಿಡಿಯೋ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ಒಂದೇ ಕ್ಷಣದಲ್ಲಿ ಹೋಗುತ್ತದೆ. ಅದೇ ಪೆನ್‌ಡ್ರೈವ್‌ಗೆ ಆದರೆ ಅರ್ಧ ಗಂಟೆ ಬೇಕು. ಇನ್ನು ಕೆಲವು ವಿಡಿಯೋ ಪೇಸ್ಟೇ ಆಗಲ್ಲ, ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಪೆನ್‌ಡ್ರೈವಿನಲ್ಲಿ ಜಾಗ ಬೇಕಾದಷ್ಟಿದೆ.

ಉತ್ತರ:
ಒಂದೇ ಡ್ರೈವ್ ಒಳಗೆ ಕಟ್ ಮಾಡಿದರೆ ವಿಡಿಯೋ ಕದಲುವುದೇ ಇಲ್ಲ ತಮ್ಮಾ. ಜಮೀನು ಇದ್ದಲ್ಲೇ ಇರುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಅಷ್ಟೇ. ಪೆನ್‌ಡ್ರೈವ್‌ಗೆ ಆದರೆ 40 ಜಿಬಿಯನ್ನೂ ನಿಜವಾಗಿ ಬರೆಯಬೇಕು.

ಪೇಸ್ಟ್ ಆಗದ್ದಕ್ಕೆ ಕಾರಣ ಪೆನ್‌ಡ್ರೈವ್ ಫ್ಯಾಟ್ 32 ಮಾದರಿಯಲ್ಲಿ ಇರುವುದು, ಅದು ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಕ್ರಮ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಅದನ್ನು ಮೊದಲು ತೆಗೆದಿಟ್ಟುಕೊಳ್ಳಿ. ಇನ್ನೊಂದು ಮಾತು, ನಿಮಗೇ ಹೇಳುವುದು: ಬೇರೆಯವರ ಮನೆ ಮದುವೆಯ ಕ್ಯಾಮೆರಾ ಕಾರ್ಡಿನಿಂದ ದಯವಿಟ್ಟು ಕಟ್ ಮಾಡಬೇಡಿ. ಕಾಪಿ ಮಾಡಿ, ಹತ್ತು ಕಡೆ ತೆರೆದು ನೋಡಿ, ಎರಡನೇ ಡಿಸ್ಕಿಗೂ ಹಾಕಿ, ಆಮೇಲೆ ಕಾರ್ಡ್ ಖಾಲಿ ಮಾಡಿ. ಕಾರ್ಡಿನಿಂದ ಅಳಿಸಿದ್ದೂ ರಿಸೈಕಲ್ ಬಿನ್‌ಗೆ ಬರುವುದಿಲ್ಲ. ತಾಳಿ ಕಟ್ಟಿದ ಗಳಿಗೆ ಕಳೆದುಹೋಯಿತು ಅಂತ ನನ್ನ ಅಂಗಡಿಯಲ್ಲಿ ಕೂತು ಅತ್ತ ತಾಯಿಯನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಸಹಕಾರ ಸಂಘದ ಗುಮಾಸ್ತ):
ಸರ್, ನಮ್ಮ ಸಂಘದ ಹಳೆಯ ವರದಿಗಳೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದವು. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿದರೆ ಕನ್ನಡ ಬರುವುದಿಲ್ಲ. ತಲೆ ಮೇಲೆ ಚುಕ್ಕೆ, ಗೀಟು ಇರುವ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮತ್ತೆ ಎಲ್ಲ ಟೈಪ್ ಮಾಡಬೇಕಾ?

ಉತ್ತರ:
ಬೇಡ, ಬೇಡ. ಇದು ನನಗೆ ತುಂಬ ಬೇಕಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನುಡಿ ಮತ್ತು ಅದರಂಥದೇ ಸಾಫ್ಟ್‌ವೇರ್ ‘ಬರಹ’, ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಫಾಂಟ್ ಜೊತೆಗಿದ್ದರೆ ಕನ್ನಡ ಕಾಣುತ್ತದೆ. ಪೇಸ್ಟ್ ಮಾಡಿದ ಕಡೆ ಆ ಫಾಂಟ್ ಇಲ್ಲ, ಒಳಗಿದ್ದ ಇಂಗ್ಲಿಷ್ ಅಕ್ಷರವೇ ಹೊರಬೀಳುತ್ತದೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಪದ್ಧತಿ, ಅದರಲ್ಲಿ ಹಾಗಲ್ಲ. ಕನ್ನಡಕ್ಕೆಂದೇ 128 ಜಾಗಗಳಿವೆ. ‘ಕ’ ಅಂದರೆ 3221, ಯಾವ ಫೋನಿಗೆ ಹೋದರೂ ಅದೇ.

ನುಡಿ, ಬರಹ ಎರಡರ ಜೊತೆಗೂ ಕನ್ವರ್ಟರ್ ಬರುತ್ತದೆ. ಹಳೆಯ ವರದಿಯನ್ನು ಅದರಲ್ಲಿ ಯೂನಿಕೋಡಿಗೆ ಬದಲಿಸಿ, ಬಂದದ್ದನ್ನು ಕಾಪಿ ಮಾಡಿ. ಆದರೆ ಕಣ್ಣುಮುಚ್ಚಿ ಕಳಿಸಬೇಡಿ, ಎರಡು ಕಡೆ ಎಡವುತ್ತದೆ. ಒಂದು ಅರ್ಕಾವತ್ತು. ‘ಧರ್ಮ’, ‘ವರ್ಷ’ ಇಂಥ ಪದಗಳಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹಿಂದುಮುಂದಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು, ನಡುವೆ ಇರುವ ಇಂಗ್ಲಿಷ್ ಪದಗಳು. ಕನ್ವರ್ಟರಿಗೆ ಅವೂ ಕನ್ನಡವೇ ಅನ್ನಿಸಿ ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಷೇರುದಾರರ ಹೆಸರು ಇರುವ ವರದಿ ಅಲ್ವಾ, ಒಂದೊಂದು ಹೆಸರೂ ಓದಿ ನೋಡಿ. ಮುಂದಿನ ವರದಿಯನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ, ಈಚಿನ ನುಡಿಯಲ್ಲೇ ಅದಕ್ಕೆ ಅವಕಾಶ ಇದೆ.

ಪ್ರಶ್ನೆ (ವಿದ್ಯಾರ್ಥಿ):
ಸರ್, ಒಂದು ಪ್ಯಾರಾ ಕಟ್ ಮಾಡಿದ್ದೆ. ಪೇಸ್ಟ್ ಮಾಡುವ ಮೊದಲು ಬೇರೆ ಏನೋ ಕಾಪಿ ಮಾಡಿದೆ, ಪ್ಯಾರಾ ಹೋಯಿತು.

ಉತ್ತರ:
ಫೈಲ್ ಮುಚ್ಚಿಲ್ಲದಿದ್ದರೆ ಕಂಟ್ರೋಲ್ ಝಡ್ ಒತ್ತುತ್ತಾ ಹಿಂದೆ ಹೋಗಿ. ಪ್ಯಾರಾ ಬಂದೇ ಬರುತ್ತದೆ. ಫೈಲನ್ನು ಕಟ್ ಮಾಡಿದಾಗ ಅದು ಮಸುಕಾಗಿ ಅಲ್ಲೇ ಕಾಯುತ್ತದೆ, ಪಠ್ಯ ಹಾಗಲ್ಲ, ಕಟ್ ಮಾಡಿದ ಕ್ಷಣವೇ ಹೋಗುತ್ತದೆ. ಮುಂದಕ್ಕೆ ವಿಂಡೋಸ್ ಕೀ ಜೊತೆ ವಿ ಒತ್ತಿ, ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ 2018ರ ಅಕ್ಟೋಬರ್ ಅಪ್‌ಡೇಟಿನಲ್ಲಿ ಬಂದದ್ದು. ಕೊನೆಯ 25 ಕಾಪಿಗಳು ಅಲ್ಲಿ ಸಿಗುತ್ತವೆ. ಸೈಬರ್ ಸೆಂಟರಿನಲ್ಲಿ ಮಾತ್ರ ಆನ್ ಮಾಡಬೇಡಿ. ನಿಮ್ಮ ಪಾಸ್‌ವರ್ಡ್, ಆಧಾರ್ ನಂಬರ್ ಮುಂದೆ ಬಂದವರ ಕಣ್ಣಿಗೂ ಬೀಳುತ್ತವೆ.

ಶಿಕ್ಷಕಿ (ಎರಡು ದಿನದ ನಂತರ):
ಸರ್, 140 ಫೋಟೊ ಹಳೆಯ ಫೋಲ್ಡರಿನಲ್ಲೇ ಇದ್ದವು! ನನ್ನದು ತಿರುಗುವ ಹಾರ್ಡ್‌ಡಿಸ್ಕ್ ಅಂತೆ. ಅಂಗಡಿಯವರು ಹದಿನೈದರಲ್ಲಿ ಹನ್ನೊಂದು ತೆಗೆದುಕೊಟ್ಟರು. ಉಳಿದ ನಾಲ್ಕು ಒಂದನೇ ತರಗತಿ ಮಕ್ಕಳ ಕೋಲಾಟದ್ದು.

ಉತ್ತರ:
ತುಂಬ ಸಂತೋಷ ಮೇಡಂ. ಆ ನಾಲ್ಕಕ್ಕೆ ಮಕ್ಕಳ ತಂದೆತಾಯಿಯನ್ನು ಕೇಳಿ, ಕೋಲಾಟವನ್ನು ಯಾರಾದರೂ ಫೋನಿನಲ್ಲಿ ತೆಗೆದೇ ಇರುತ್ತಾರೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊ ಕುಗ್ಗದೆ ಬರುತ್ತದೆ.