ಅಟ್ಟದಿಂದ ಇಳಿದ ಹಾರ್ನೆಟ್: ಪುಟ್ಟನಿಗೆ ಅತ್ತೆಯ ಉತ್ತರ

ಪುಟ್ಟಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ನಾಲ್ಕು ಫೋಟೋಗಳನ್ನು ಈಗಷ್ಟೇ ನೋಡಿದೆ. ಬೆರಳಿನಲ್ಲಿ ಒತ್ತುತ್ತ ಕುಳಿತರೆ ಮುಗಿಯುವ ಮಾತಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಹಿಂದೆ ಧೋ ಎಂದು ಕೇಳಿಸುತ್ತಿರುವುದು ಮಳೆ, ಮೂರ್ನಾಡಿನಲ್ಲಿ ಬೆಳಗಿನಿಂದ ಬಿಟ್ಟೇ ಇಲ್ಲ. ಉದ್ದವಾಗುತ್ತದೆ, ಪುರುಸೊತ್ತು ಇಲ್ಲದವರು ಬಿಟ್ಟುಬಿಡಬಹುದು, ಅಣ್ಣನೊಬ್ಬನ, ಅಂದರೆ ನಿನ್ನ ಅಪ್ಪನೊಬ್ಬನ ಹೊರತು. ಅಣ್ಣಾ, ನೀನು ಮಾತ್ರ ಕೊನೆಯವರೆಗೆ ಕೇಳಬೇಕು.

ಕೈಲ್ ಮುಹೂರ್ತದ ಹಬ್ಬಕ್ಕೆಂದು ನಮ್ಮ ಹಿರಿಯರ ಐನ್‌ಮನೆಯ ಅಟ್ಟ ಗುಡಿಸುವಾಗ ಸಿಕ್ಕಿದ ಈ ರಿಮೋಟ್ ಬಗ್ಗಿ, ಅಂದರೆ ರಿಮೋಟಿನಿಂದ ಓಡುವ ಆಟದ ಕಾರು, ಯಾವುದು, ಅದನ್ನು ಸರಿಮಾಡಿ ಜನವರಿಯಲ್ಲಿ ನೀವು ಹುಡುಗರೆಲ್ಲ ಕೆಳಗಿನ ಗದ್ದೆಯಲ್ಲಿ ನಡೆಸಬೇಕೆಂದಿರುವ ರೇಸಿಗೆ ಇಳಿಸಬಹುದೇ, ಒಳಗಿರುವುದನ್ನೆಲ್ಲ ಕಿತ್ತು ಬ್ರಷ್‌ಲೆಸ್ (ಒಳಗೆ ಸವೆಯುವ ಬ್ರಷ್ ಇಲ್ಲದ, ಹೆಚ್ಚು ಶಕ್ತಿಯ) ಮೋಟಾರು ಹಾಕಿದರೆ ಹೇಗೆ, ಇಷ್ಟು ತಾನೇ ನೀನು ಕೇಳಿದ್ದು? ಇಳಿಸಬಹುದು. ಬ್ರಷ್‌ಲೆಸ್ ಬೇಡ.

ಅದು ಜಪಾನಿನ ಟಾಮಿಯಾ ಕಂಪನಿಯ ಹಾರ್ನೆಟ್. ಹಾರ್ನೆಟ್ ಎಂದರೆ ಕಣಜದ ಹುಳು. 1984ರಲ್ಲಿ ಬಂದ ಮಾದರಿ, ದೊಡ್ಡ ಬಗ್ಗಿಯ ಹತ್ತನೇ ಒಂದು ಅಳತೆ. ಡಬ್ಬದಲ್ಲಿ ಬಿಡಿ ಭಾಗಗಳಾಗಿ ಬರುತ್ತಿತ್ತು, ಕುಳಿತು ಜೋಡಿಸಿಕೊಳ್ಳಬೇಕಿತ್ತು. ದೊಡ್ಡಪ್ಪ ಹಡಗಿನ ಕೆಲಸದಲ್ಲಿದ್ದಾಗ 1987ರಲ್ಲಿ ರಜೆಗೆ ಬರುವಾಗ ನಿನ್ನ ಅಪ್ಪನಿಗೆಂದು ತಂದದ್ದು. ಅವನಿಗಾಗ 15 ವರ್ಷ, ನನಗೆ 11. ನನಗೆ ತಂದದ್ದು ಒಂದು ಪೆನ್ಸಿಲ್ ಡಬ್ಬ. ಈ ವಿಷಯ ನಾನು ಮರೆತಿಲ್ಲ ಎಂಬುದು ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತಿರಲಿ.

ಹಾರ್ನೆಟ್ ರೇಸ್ ಗೆಲ್ಲಲೆಂದು ಹುಟ್ಟಿದ ಗಾಡಿಯಲ್ಲ. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, ಹಿಂದಿನ ಎರಡೇ ಚಕ್ರಕ್ಕೆ ಎಳೆತವಿರುವ ವಿಭಾಗದಲ್ಲಿ ಗೆದ್ದದ್ದು ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10. ಅದರದು ಅಲ್ಯೂಮಿನಿಯಂ ಚಾಸಿ (ತಳದ ಚೌಕಟ್ಟು), ನಾಲ್ಕು ಚಕ್ರಕ್ಕೂ ಬೇರೆ ಬೇರೆ ತೋಳು, ನಾಲ್ಕಕ್ಕೂ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಡ್ಯಾಂಪರ್. ಹಾರ್ನೆಟ್ ಎಂದರೆ ಹುಡುಗರು ಮೊದಲು ಕೈಗೆತ್ತಿಕೊಳ್ಳುವ ಗಾಡಿ. ಅದರಲ್ಲಿ ಹಿಂದಿನ ಗೇರ್ ಪೆಟ್ಟಿಗೆ, ಮೋಟಾರು, ಎರಡು ಚಕ್ರ, ಎಲ್ಲವೂ ಒಂದೇ ಮುದ್ದೆಯಾಗಿ ಮೇಲೆ ಕೆಳಗೆ ಆಡುತ್ತವೆ. ಒಂದು ಚಕ್ರ ಕಲ್ಲು ಹತ್ತಿದರೆ ಅಷ್ಟೂ ಭಾರ ಎದ್ದು ಬೀಳುತ್ತದೆ. ಮುಂದೆ ಬರಿಯ ಸ್ಪ್ರಿಂಗು, ಎಣ್ಣೆ ಇಲ್ಲ. ಹಾಗಾಗಿ ಗದ್ದೆಯ ಬದುವಿನಷ್ಟು ದೊಡ್ಡದು ಬೇಕಿಲ್ಲ, ಒಂದು ಕೂಳೆ ಅಡ್ಡ ಸಿಕ್ಕಿದರೂ ಕಪ್ಪೆಯಂತೆ ಕುಪ್ಪಳಿಸುತ್ತದೆ. ಇಂಥ ಗಾಡಿಗೆ ಮೂರು ಪಟ್ಟು ಶಕ್ತಿಯ ಮೋಟಾರು ಕೊಟ್ಟರೆ ವೇಗ ನೆಲಕ್ಕೆ ತಲುಪುವುದೇ ಇಲ್ಲ. ಗೇರಿನ ಹಲ್ಲು ಉದುರುತ್ತದೆ, ಇಲ್ಲವೇ ಅದು ಅಂಗಾತ ಬಿದ್ದು ಚಕ್ರ ತಿರುಗಿಸುತ್ತ ಮಲಗಿರುತ್ತದೆ. ನೀವು ಹುಡುಗರು ಒಂದು ಕಟ್ಟುಪಾಡು ಮಾಡಿಕೊಳ್ಳಿ: ಎಲ್ಲರ ಗಾಡಿಗೂ ಹಾರ್ನೆಟ್ ಜೊತೆ ಬರುವ ಅದೇ ಬೆಳ್ಳಿ ಬಣ್ಣದ, 540 ಎಂಬ ಅಳತೆಯ ಮೋಟಾರು. ಆಗ ಗೆಲ್ಲುವುದು ಕೈ, ಜೇಬಲ್ಲ.

ನೀನು ಇನ್ನೂ ಸ್ಕ್ರೂ ಬಿಚ್ಚಿಲ್ಲ ತಾನೇ? ಬಿಚ್ಚಬೇಡ. ಮನೆಯಲ್ಲಿರುವ ಸ್ಕ್ರೂಡ್ರೈವರ್ ತೆಗೆದುಕೊಂಡು ಕುಳಿತರೆ ತಲೆಯ ಕಚ್ಚು ಸವೆದು ಬಟ್ಟಲಾಗುತ್ತದೆ. ಜಪಾನಿನ ಸ್ಕ್ರೂ ನೋಡಲು ನಮ್ಮ ಸ್ಟಾರ್ ಸ್ಕ್ರೂವಿನಂತೆಯೇ ಇರುತ್ತದೆ, ಆದರೆ ಕಚ್ಚಿನ ಆಕಾರ ಬೇರೆ. ಅದಕ್ಕೆ ಜೆಐಎಸ್ ಎಂಬ, ಜಪಾನಿನ ಮಾನಕದ ಸ್ಕ್ರೂಡ್ರೈವರ್ ಬೇಕು. ಹಳೆಯ ಜಪಾನಿ ಬೈಕುಗಳ ಕಾರ್ಬ್ಯುರೇಟರ್ ಬಿಚ್ಚಲು ನಮ್ಮ ಅಂಗಡಿಯಲ್ಲಿ ಒಂದು ಜೊತೆ ಇಟ್ಟಿದ್ದೇನೆ. ಮತ್ತೆ ಜೋಡಿಸುವಾಗ ಇನ್ನೊಂದು ನೆನಪಿಡು. ಇವು ಪ್ಲಾಸ್ಟಿಕ್ಕಿನಲ್ಲಿ ತಾವೇ ಮರೆ ಕೊರೆದುಕೊಂಡು ಕೂತಿರುವ ಸ್ಕ್ರೂಗಳು. ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸು, ಒಂದು ಕಡೆ 'ಟಿಕ್' ಎಂದು ಕೆಳಗೆ ಇಳಿದಂತಾಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸು. ಆಗ ಹಳೆಯ ಮರೆಯಲ್ಲೇ ಕೂರುತ್ತದೆ. ಇಲ್ಲದಿದ್ದರೆ ಹೊಸ ಮರೆ ಕೊರೆದು, ಎರಡು ಸಲ ಹಾಗಾದರೆ ತೂತು ಸಡಿಲ.

ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ಅಷ್ಟೇ. ಮೋಟಾರು, ಸರ್ವೋ (ತೋಳು ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆ), ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಭಾಗ) ಮೊದಲೇ ಹೊರಗೆ ತೆಗೆದಿಟ್ಟಿರಬೇಕು. ಪೆಟ್ರೋಲು, ಥಿನ್ನರ್ ಹತ್ತಿರ ಕೂಡ ತರಬೇಡ. ಮೇಲಿನ ಪಾರದರ್ಶಕ ಬಾಡಿ ಪಾಲಿಕಾರ್ಬೊನೇಟ್. ಥಿನ್ನರ್ ತಾಗಿದರೆ ಮಂಜಾಗಿ ಬಿರುಕು ಬಿಡುತ್ತದೆ. ಗೇರ್ ಪೆಟ್ಟಿಗೆ ಒಡೆದು ನೋಡಿದರೆ ಗ್ರೀಸು ಹಲಸಿನ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಬಿದಿರು ಕಡ್ಡಿಯಿಂದ ಕೆರೆದು ತೆಗೆ, ಚಾಕು ಬೇಡ.

ರಿಮೋಟಿನ ಹಿಂಬದಿಯ ಫೋಟೋದಲ್ಲಿ ಹಸಿರು ಬಿಳಿ ಬೂಷ್ಟಿನಂತೆ ಕಾಣುವುದು ಬೂಷ್ಟಲ್ಲ, ಸೋರಿದ ಸೆಲ್. ಆಗ ನಮಗೆ ಸಿಗುತ್ತಿದ್ದವು ಸತು-ಇಂಗಾಲದ ಸೆಲ್‌ಗಳು, ಅವು ಸೋರಿದರೆ ಆಮ್ಲದ ಗುಣ. ಅಡಿಗೆ ಸೋಡಾ ನೀರಿನಲ್ಲಿ ಕಲಸಿ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸು. ಈಗಿನ ಆಲ್ಕಲೈನ್ ಸೆಲ್ ಸೋರಿದ್ದರೆ ಉಲ್ಟಾ, ಅದಕ್ಕೆ ವಿನೆಗರ್. ವಿನೆಗರ್ ಎಂದ ತಕ್ಷಣ ಅಜ್ಜಿಯ ಭರಣಿಯಿಂದ ಕಾಚಂಪುಳಿ ಎತ್ತಿಕೊಂಡು ಹೋಗಬೇಡ, ಅದು ಹಂದಿ ಪಲ್ಯಕ್ಕೆ. ಇಷ್ಟೆಲ್ಲ ಒರೆಸಿದರೂ ಆ ರಿಮೋಟನ್ನು ರೇಸಿಗೆ ಬಳಸುವುದು ಬೇಡ. ಅದು 27 ಮೆಗಾಹರ್ಟ್ಸ್, ಯಾವ ತರಂಗ ಎಂದು ನಿಗದಿ ಮಾಡುವ ಕ್ರಿಸ್ಟಲ್ ಜೋಡಿಯ ಮೇಲೆ ನಡೆಯುವಂಥದ್ದು. ಇಬ್ಬರ ಬಳಿ ಒಂದೇ ಕ್ರಿಸ್ಟಲ್ ಇದ್ದರೆ ನಿನ್ನ ಗಾಡಿಯನ್ನು ಅವನು ಓಡಿಸುತ್ತಾನೆ. ಹೊಸ 2.4 ಗಿಗಾಹರ್ಟ್ಸ್ ರಿಮೋಟು, ರಿಸೀವರ್ ಕೊಂಡುಕೋ, ಹಳೆಯದು ಷೋಕೇಸಿನಲ್ಲಿರಲಿ.

ಒಂದು ನಿಮಿಷ, ಗಿರಾಕಿ ಬಂದರು.

ಹಾಂ, ಬಂದೆ. ಸ್ಪ್ರೇಯರ್ ವಾಷರ್ ಹೋಗಿತ್ತು. ಎಲ್ಲಿದ್ದೆ? ವೇಗ ಹೆಚ್ಚು ಕಡಿಮೆ ಮಾಡುವ ಭಾಗ. ಈ ಗಾಡಿಯ ಜೊತೆ ಎಲೆಕ್ಟ್ರಾನಿಕ್ ಏನೂ ಬಂದಿರಲಿಲ್ಲ. ಒಂದು ಸರ್ವೋ ತಾಮ್ರದ ತೋಳೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತಿತ್ತು, ಮೆಲ್ಲಗೆ ಹೋಗಬೇಕಾದರೆ ಕರೆಂಟು ಒಂದು ಬಿಳಿ ರೆಸಿಸ್ಟರ್ ಮೂಲಕ ಹಾದು ಬಿಸಿಯಾಗಿ ಹಾಳಾಗುತ್ತಿತ್ತು. ನಾನೊಮ್ಮೆ ಅದನ್ನು ಬೆರಳಿನಿಂದ ಮುಟ್ಟಿ ಗುಳ್ಳೆ ಎಬ್ಬಿಸಿಕೊಂಡಿದ್ದೆ. ಅದನ್ನು ತೆಗೆದು ಬ್ರಷ್ ಮೋಟಾರಿನ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ವೇಗ ನಿಯಂತ್ರಕ ಹಾಕು. ಇದೊಂದು ಬದಲಾವಣೆಗೆ ನನ್ನ ಒಪ್ಪಿಗೆ ಇದೆ. ತೆಗೆದದ್ದನ್ನು ಎಸೆಯಬೇಡ. ಬ್ಯಾಟರಿ ನಿಕಲ್-ಕ್ಯಾಡ್ಮಿಯಂ, ಆರು ಸೆಲ್, 7.2 ವೋಲ್ಟ್, ಅದು ಸತ್ತು ಎಷ್ಟು ವರ್ಷವಾಯಿತೋ. ಕ್ಯಾಡ್ಮಿಯಂ ವಿಷ, ತೋಟದ ಗೊಬ್ಬರದ ಗುಂಡಿಗೆ ಎಸೆಯುವ ಅಭ್ಯಾಸ ನಮ್ಮ ಮನೆಯಲ್ಲಿದೆ ಎಂದೇ ಹೇಳುತ್ತಿದ್ದೇನೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡು. ಬದಲಿಗೆ ಅದೇ ಆಕಾರದ 7.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಸಾಕು. ಹಳೆಯ ಬಿಳಿ ಕನೆಕ್ಟರ್ ಮುಟ್ಟಿದಾಗ ಬಿಸಿಯಾಗಿದ್ದರೆ, ಅಥವಾ ಕರಗಿದ ಗುರುತಿದ್ದರೆ ಕತ್ತರಿಸಿ ಒಳ್ಳೆಯದನ್ನು ಬೆಸುಗೆ ಹಾಕೋಣ.

ಮೋಟಾರು ನನ್ನ ಕ್ಷೇತ್ರ. ದಿನಾ ಪಂಪ್‌ಸೆಟ್‌ಗಳ ಜೊತೆ ಬದುಕುವವಳು ನಾನು. ಈ 540ರ ಮುಚ್ಚಳ ಮಡಚಿ ಮುಚ್ಚಿರುತ್ತದೆ, ಬ್ರಷ್ ಬದಲಾಯಿಸಲು ಬರುವುದಿಲ್ಲ. ಕೈಯಲ್ಲಿ ತಿರುಗಿಸಿ ನೋಡು. ಮೆಟ್ಟಿಲು ಹತ್ತಿದಂತೆ ತಡೆದು ತಡೆದು ತಿರುಗಿದರೆ ಅದು ಅಯಸ್ಕಾಂತದ ಎಳೆತ, ದೋಷವಲ್ಲ. ಗರಗರ ಎಂದರೆ ತುಕ್ಕು. ಎರಡು ಕಡೆಯ ಬುಷ್‌ಗೆ, ಅಂದರೆ ಅಚ್ಚು ತಿರುಗುವ ಬಳೆಗೆ, ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, 3 ವೋಲ್ಟಿನಲ್ಲಿ ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ ನೋಡೋಣ. ಆಗಲಿಲ್ಲವೋ, ಹೊಸದು ಹಾಕೋಣ. ಎಲ್ಲೆಡೆ ಒಂದೇ ಅಳತೆ, ಎಲ್ಲಿಯಾದರೂ ಸಿಗುತ್ತದೆ. ಚಕ್ರದ ಪ್ಲಾಸ್ಟಿಕ್ ಬುಷ್‌ಗಳನ್ನು ಮಾತ್ರ ಯೋಚಿಸದೆ ತೆಗೆದುಹಾಕು, ಬಾಲ್ ಬೇರಿಂಗ್ ಹಾಕು. ಮೋಟಾರು ಬದಲಾಯಿಸದೆಯೇ ಗಾಡಿ ಹಗುರಾಗಿ ಓಡುತ್ತದೆ.

ಈಗ ಡ್ಯಾಂಪರ್. ನಿನ್ನ ಅಪ್ಪ ಹೇಳದ ಕಥೆ ಇದು. ಹಿಂದಿನ ಎರಡು ಡ್ಯಾಂಪರಿಗೆ ಸಿಲಿಕೋನ್ ಎಣ್ಣೆ ಹಾಕಬೇಕು. ಡಬ್ಬದ ಜೊತೆ ಬಂದ ಎಣ್ಣೆ ಒಂದೇ ಮಳೆಗಾಲದಲ್ಲಿ ಸೋರಿಹೋಯಿತು. ನಮ್ಮ ಊರು ಭಾಗಮಂಡಲದಲ್ಲಿ 1987ರಲ್ಲಿ ಸಿಲಿಕೋನ್ ಎಣ್ಣೆ ಯಾರು ಮಾರುತ್ತಿದ್ದರು? ಅವನು ಅಜ್ಜಿಯ ತಲೆಗೆ ಹಚ್ಚುವ ತೆಂಗಿನೆಣ್ಣೆ ತುಂಬಿದ. ಮಧ್ಯಾಹ್ನ ಕಾಫಿ ಕಣದಲ್ಲಿ ಓಡಿಸಿದಾಗ ಬಹಳ ಚೆನ್ನಾಗಿತ್ತು, ಅವನ ಮುಖ ನೋಡಬೇಕಿತ್ತು, ಟಾಮಿಯಾ ಕಂಪನಿಯೇ ಇವನಿಗೆ ಕಾಗದ ಬರೆಯಬೇಕು ಎನ್ನುವ ಹಾಗೆ. ಹುತ್ತರಿ ಹಬ್ಬದ ಸಮಯಕ್ಕೆ ಊರಿನ ಮಕ್ಕಳನ್ನೆಲ್ಲ ಕರೆದು ಬೆಳಿಗ್ಗೆ ಏಳು ಗಂಟೆಗೆ ಪ್ರದರ್ಶನ ಇಟ್ಟ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಅಲ್ಲಿಯ ಡಿಸೆಂಬರ್ ಬೆಳಗು ಕೇಳಬೇಕೇ? ಡ್ಯಾಂಪರ್ ಎರಡೂ ಮೇಣದ ಬತ್ತಿ. ಗಾಡಿ ಕಲ್ಲಿನಂತೆ ನೆಗೆದು ನೆಗೆದು ಹೋಗಿ ಸಗಣಿ ಗುಂಡಿಗೆ ಬಿತ್ತು. ಅಜ್ಜ ನಕ್ಕ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಒಳಗೆ ಆ ಎಣ್ಣೆಯ ಅಂಟು ಇನ್ನೂ ಇರುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ತೆಗೆ, ಒಳಗಿನ ರಬ್ಬರ್ ಓ-ರಿಂಗ್ ಹೊಸದು ಹಾಕು, ಸಿಲಿಕೋನ್ ಎಣ್ಣೆಯನ್ನು ಸ್ವಲ್ಪ ದಪ್ಪದ್ದೇ ತಾ. ಕುಪ್ಪಳಿಸುವುದು ಪೂರ್ತಿ ನಿಲ್ಲುವುದಿಲ್ಲ, ಮುನಿಸು ಕಡಿಮೆಯಾಗುತ್ತದೆ.

ನಾಲ್ಕನೇ ಫೋಟೋ. ಬಿಳಿ ಚಾಸಿಯ ಮುಂಭಾಗದ ಎಡ ಮೂಲೆಯಲ್ಲಿ, ಬಂಪರ್ ಕೂರುವ ಜಾಗದಲ್ಲಿ ಒಡೆದು ಒಂದು ಚೂರು ಹಾರಿಹೋಗಿದೆ. ನೀನು ಕೆಂಪು ಗುರುತು ಹಾಕಿ 'ಇದು ಹೇಗಾಯಿತು ಅಪ್ಪಾ' ಎಂದು ಕೇಳಿದ್ದೀಯೆ, ಅಣ್ಣ 'ನಮ್ಮ ಕರಿಯ ಕಚ್ಚಿದ್ದು' ಎಂದು ಉತ್ತರ ಕೊಟ್ಟಿದ್ದಾನೆ. ಅಣ್ಣಾ, ಕರಿಯ ಕಚ್ಚಲಿಲ್ಲ. ನೀನು ಮಡಿಕೇರಿಗೆ ಪರೀಕ್ಷೆ ಬರೆಯಲು ಹೋದ ದಿನ ನಾನು ಅದನ್ನು ಬೀರುವಿನ ಮೇಲಿಂದ ಇಳಿಸಿದೆ. ಕಣದ ಆ ತುದಿಯಿಂದ ಈ ತುದಿಗೆ ಪೂರ್ತಿ ವೇಗದಲ್ಲಿ ಬಿಟ್ಟೆ, ತಿರುಗಿಸಲು ಹೊರಟಾಗ ಎಡಬಲ ಗೊಂದಲವಾಯಿತು. ನಮ್ಮ ಕಡೆಗೆ ಬರುವ ಗಾಡಿಗೆ ಸ್ಟೀರಿಂಗ್ ಉಲ್ಟಾ ಎಂಬುದು ಆಗ ಹೊಳೆದಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಲ್ಲಿನ ಮೆಟ್ಟಿಲಿಗೆ ನೇರ ಹೊಡೆಯಿತು. ಕರಿಯ ಪಕ್ಕದಲ್ಲೇ ಮಲಗಿದ್ದ. ನೀನು ಬಂದು ನೋಡಿ ಕೇಳಿದಾಗ ನಾನು ಅವನ ಕಡೆ ಬೆರಳು ತೋರಿಸಿದೆ. ಪಾಪ, ಎರಡು ದಿನ ಸರಪಳಿಯಲ್ಲಿದ್ದ. ಆ ಎರಡು ದಿನವೂ ನನ್ನ ಪಾಲಿನ ಮೀನನ್ನು ಅವನಿಗೇ ಹಾಕಿದೆ. ಬೈಯುವುದಿದ್ದರೆ ಗುಂಪಿನಲ್ಲಿ ಬೈಯಬೇಡ, ಫೋನ್ ಮಾಡು.

ಆ ಚಾಸಿ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ಅದನ್ನು ಕರಗಿಸುತ್ತದೆ, ಹಾಗಾಗಿ ಅದೇ ಜಾತಿಯ ಪ್ಲಾಸ್ಟಿಕ್ ಚೂರನ್ನು ಅಸಿಟೋನ್‌ನಲ್ಲಿ ಕರಗಿಸಿ ಗಂಜಿ ಮಾಡಿ ಬಿರುಕಿಗೆ ತುಂಬಿದರೆ ಬೆಸೆದುಕೊಳ್ಳುತ್ತದೆ. ಫೆವಿಕ್ವಿಕ್ ಹಾಕಿದರೆ ಒಂದು ಗುದ್ದಿಗೆ ಬಿಡುತ್ತದೆ. ಆದರೆ ಬೆಸೆದದ್ದು ನೋಡಲು ಮಾತ್ರ. ಇಷ್ಟು ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗೆ, ಇವತ್ತು ಎಡ ಮೂಲೆ, ನಾಳೆ ಬಲ ಮೂಲೆ. 2004ರಲ್ಲಿ ಟಾಮಿಯಾ ಇದೇ ಹಾರ್ನೆಟನ್ನು ಮತ್ತೆ ಬಿಡುಗಡೆ ಮಾಡಿತು. ಅದರ ಭಾಗಗಳು ಬಹುಪಾಲು ಇದಕ್ಕೆ ಕೂರುತ್ತವೆ. ರೇಸಿಗೆ ಹೊಸ ಚಾಸಿ, ಹೊಸ ಬಾಡಿ, ಹೊಸ ಹಿಂದಿನ ಮುಳ್ಳು ಟೈರು ತರಿಸೋಣ. ಹಳೆಯ ಗೇರು, ಡ್ಯಾಂಪರ್, ಸ್ಟೀರಿಂಗ್ ಸರಳು ಅದರೊಳಗೆ ಹೋಗಲಿ. ಹಳೆಯ ಬಾಡಿಯನ್ನು ಮತ್ತೆ ಬಣ್ಣ ಬಳಿಯಲು ಹೋಗಬೇಡ. ಹೊಸದಕ್ಕೆ ಬಣ್ಣ ಒಳಗಿನಿಂದ ಹೊಡೆಯಬೇಕು, ಪಾಲಿಕಾರ್ಬೊನೇಟಿನ ಬಣ್ಣವೇ ಆಗಬೇಕು. ಗೇಟಿಗೆ ಹೊಡೆಯುವ ಸ್ಪ್ರೇ ಎರಡನೇ ದಿನ ಸಿಪ್ಪೆ ಏಳುತ್ತದೆ.

ಗದ್ದೆಯ ಟ್ರ್ಯಾಕಿನ ಬಗ್ಗೆ ಒಂದೇ ಮಾತು. ಅಂಚಿಗೆ ಕಲ್ಲು ಇಡಬೇಡಿ, ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪೂ ಬೇಡ. ತೋಟಕ್ಕೆ ನೀರು ಬಿಡುವ ಹಳೆಯ ರಬ್ಬರ್ ಪೈಪು ಹಾಕಿ ಗೂಟ ಹೊಡೆಯಿರಿ. ಯಾಕೆ ಎಂದು ನನಗಿಂತ ಚೆನ್ನಾಗಿ ಯಾರು ಹೇಳಬೇಕು.

ಭಾನುವಾರ ಡಬ್ಬವನ್ನು ಹಾಗೆಯೇ ತಾ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೋ, ಮೇಲಿನ ಕ್ಯಾರಿಯರಿಗೆ ಹಾಕಬೇಡ. ಮತ್ತೆ, ಆ ಒಡೆದ ಚೂರನ್ನು ಡಬ್ಬದಲ್ಲಾಗಲಿ ಅಟ್ಟದಲ್ಲಾಗಲಿ ಹುಡುಕಬೇಡ. ಅದು ನನ್ನ ಹತ್ತಿರ ಇದೆ, ಪೆನ್ಸಿಲ್ ಡಬ್ಬದಲ್ಲಿ.